ಅಪ್ಪನಿಗೆ ಇಷ್ಟೊಂದು ಮಾತ್ರೆ ಬೇಕಾ? ಯಾರನ್ನ ಕೇಳೋದು?

ಕ್ಯಾತ್ಸಂದ್ರದ ಮಗಳು:
ನಮಸ್ಕಾರ ಎಲ್ಲರಿಗೂ. ಅಪ್ಪನಿಗೆ 77 ವರ್ಷ. ಶುಗರ್, ಬಿಪಿ, ಪ್ರಾಸ್ಟೇಟ್, ಮಂಡಿ ನೋವು ಎಲ್ಲಾ ಇದೆ. ಹಾರ್ಟ್ ಅಟ್ಯಾಕ್ ಆಗಿಲ್ಲ, ಸ್ಟೆಂಟ್ ಹಾಕಿಲ್ಲ, ಲಕ್ವ ಹೊಡೆದಿಲ್ಲ. ಆದರೂ ದಿನಕ್ಕೆ ಹದಿಮೂರು ಮಾತ್ರೆ ನುಂಗುತ್ತಾರೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಶುಗರ್ ಮಾತ್ರೆ, ಬಿಪಿಗೆ ಆಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟನ್, ಕಾಲು ಊತಕ್ಕೆ ನೀರಿನ ಮಾತ್ರೆ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್, ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆ, ಗ್ಯಾಸ್ ಮಾತ್ರೆ, ನಿದ್ದೆ ಮಾತ್ರೆ, ಮಂಡಿ ನೋವಿನ ಮಾತ್ರೆ. ಉಳಿದದ್ದು ಶಕ್ತಿಗೆ ಅಂತ ಕೊಟ್ಟಿದ್ದು.

ಶುಗರ್‌ಗೆ ಒಬ್ಬರು ಡಾಕ್ಟರ್, ಮೂತ್ರದ ತೊಂದರೆಗೆ ಇನ್ನೊಬ್ಬರು, ಮಂಡಿಗೆ ಮತ್ತೊಬ್ಬರು. ಎಲ್ಲರೂ ಒಳ್ಳೆಯವರೇ. ಆದರೆ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡಿದ್ದು ನಾನು ಕಂಡಿಲ್ಲ. ಹೋದಾಗಲೆಲ್ಲ ಒಂದು ಸೇರುತ್ತೆ, ಒಂದೂ ಕಮ್ಮಿ ಆಗಲ್ಲ.

ಈಚೆಗೆ ಬೆಳಗಿನ ಜಾವ ಬಚ್ಚಲಿಗೆ ಎದ್ದಾಗ ತಲೆ ತಿರುಗಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಊಟ ಮೊದಲಿನ ಅರ್ಧ ಆಗಿದೆ. ಒಂದು ಮುದ್ದೆ ಉಣ್ಣುತ್ತಿದ್ದವರು ಈಗ ಅರ್ಧಕ್ಕೇ ಕೈ ತೊಳೆಯುತ್ತಾರೆ. ಶುಗರ್ ರಿಪೋರ್ಟ್ ಮಾತ್ರ ತುಂಬಾ ಚೆನ್ನಾಗಿದೆ, ಮೂರು ತಿಂಗಳ ಸರಾಸರಿ 6.1 ಬಂದಿದೆ.

ಇಷ್ಟೂ ಮಾತ್ರೆ ಬೇಕಾ? ಕಮ್ಮಿ ಮಾಡಿ ಅಂತ ಡಾಕ್ಟರನ್ನ ಕೇಳಿದರೆ ತಪ್ಪಾಗುತ್ತಾ? ಕೇಳೋದಾದರೆ ಮೂವರಲ್ಲಿ ಯಾರನ್ನ ಕೇಳಬೇಕು?

ತಿಪಟೂರಿನಿಂದ:
ಅಕ್ಕಾ, ದಯವಿಟ್ಟು ನೀವೇ ಯಾವುದನ್ನೂ ನಿಲ್ಲಿಸಬೇಡಿ. ನಮ್ಮ ದೊಡ್ಡಪ್ಪ ವಾಟ್ಸಾಪ್‌ನಲ್ಲಿ ಬಂದಿದ್ದನ್ನ ಓದಿ ಬಿಪಿ ಮಾತ್ರೆ ಬಿಟ್ಟರು. ಬೆಳ್ಳುಳ್ಳಿ ತಿಂದರೆ ಸಾಕು ಅಂದುಕೊಂಡರು. ಕೊಬ್ಬರಿ ಹರಾಜಿನ ದಿನ ಮಾರ್ಕೆಟ್‌ನಲ್ಲೇ ಕುಸಿದು ಬಿದ್ದರು. ಬಲಗೈ ಇವತ್ತಿಗೂ ಸರಿಯಾಗಿ ಏಳಲ್ಲ. ಡಾಕ್ಟರ್ ಓದಿ ಬರೆದಿರುತ್ತಾರೆ. ಅದನ್ನ ಪ್ರಶ್ನೆ ಮಾಡೋಕೆ ಹೋದರೆ ಹೀಗೇ ಆಗೋದು.

ಕೋಲಾರದ ಡಾಕ್ಟರ್:
ತಿಪಟೂರಿನವರ ಮಾತಿನಲ್ಲಿ ಅರ್ಧ ಪೂರ್ತಿ ಸರಿ. ತಾನಾಗಿ ಮಾತ್ರೆ ಬಿಡೋದು ಅಪಾಯ. ಆದರೆ ಪ್ರಶ್ನೆ ಕೇಳೋದು ಬೇರೆ, ತಾನಾಗಿ ಬಿಡೋದು ಬೇರೆ. ಕೇಳಲೇಬೇಕು. ನಾನು ಜನರಲ್ ಮೆಡಿಸಿನ್ ಡಾಕ್ಟರ್, ನನ್ನ ಓಪಿಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ವಯಸ್ಸಾದವರೇ. ನೋಡದೆ ಇಲ್ಲಿ ಯಾರಿಗೂ ಮಾತ್ರೆ ಬದಲಿಸಲ್ಲ. ಆದರೆ ನಿಮ್ಮ ತಂದೆಯವರ ಪಟ್ಟಿ ನೋಡಿದರೆ ನನಗೆ ಏನೇನು ಅನುಮಾನ ಬರುತ್ತೆ ಅಂತ ಹೇಳುತ್ತೇನೆ. ಅದನ್ನ ಹಿಡಿದುಕೊಂಡು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ.

ಮೊದಲು ಆ 6.1. ನಲವತ್ತು ವರ್ಷದವರಿಗೆ ಬಂದಿದ್ದರೆ ಶಭಾಷ್ ಅನ್ನುತ್ತಿದ್ದೆ. 77ರಲ್ಲಿ, ಊಟ ಅರ್ಧ ಆಗಿರುವಾಗ, ಗ್ಲಿಮೆಪಿರೈಡ್ ತಗೊಳ್ಳುವವರಿಗೆ 6.1 ಬಂದರೆ ನನಗೆ ಭಯ ಆಗುತ್ತೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳು ನೀವು ಉಂಡಿರಾ ಇಲ್ಲವಾ ಅಂತ ನೋಡಲ್ಲ, ಇನ್ಸುಲಿನ್ ಹಿಂಡಿಸುತ್ತಲೇ ಇರುತ್ತವೆ. ರಾತ್ರಿ ಸರಿಯಾಗಿ ಉಣ್ಣದಿದ್ದರೆ ಬೆಳಗಿನ ಜಾವ ಶುಗರ್ ಇಳಿಯುತ್ತೆ. ವಯಸ್ಸಾದವರಲ್ಲಿ ಬೆವರು, ನಡುಕ ಕಾಣದೇನೂ ಇರಬಹುದು. ಮಂಕು, ಅಡ್ಡಾದಿಡ್ಡಿ ಮಾತು, ಬೀಳೋದು ಇಷ್ಟೇ ಕಾಣುತ್ತೆ. ಮನೆಯವರು ವಯಸ್ಸಾಯ್ತು, ಅರಳು ಮರಳು ಅಂದುಕೊಳ್ಳುತ್ತಾರೆ. ಕೃಶರಾದ ಹಿರಿಯರಿಗೆ ಮೂರು ತಿಂಗಳ ಸರಾಸರಿ 8ರ ಒಳಗಿದ್ದರೆ ಸಾಕು ಅಂತ ಅಮೆರಿಕದ ಡಯಾಬಿಟಿಸ್ ಸಂಸ್ಥೆಯೇ ಹೇಳುತ್ತೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಬೆಳಗಿನ ಜಾವ ಚುಚ್ಚಿ ನೋಡಿ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಈ ಮಾತ್ರೆಯಿಂದ ಇಳಿದ ಶುಗರ್ ಒಮ್ಮೆ ಏರಿಸಿದರೂ ಮತ್ತೆ ಇಳಿಯುತ್ತೆ. ಸರಿ ಹೋಯ್ತು ಅಂತ ಸುಮ್ನೆ ಮಲಗಿಸಬೇಡಿ.

ಎರಡನೆಯದು ಆ ಕಾಲು ಊತ. ಆಮ್ಲೋಡಿಪಿನ್‌ನಿಂದ ಪಾದ ಊದಿಕೊಳ್ಳೋದು ತುಂಬಾ ಸಾಮಾನ್ಯ. ಅದನ್ನ ಹೊಸ ಕಾಯಿಲೆ ಅಂದುಕೊಂಡರೆ ನೀರಿನ ಮಾತ್ರೆ ಬರುತ್ತೆ. ಅದರಿಂದ ಪದೇಪದೇ ಮೂತ್ರ. ಆಗ ಪ್ರಾಸ್ಟೇಟ್ ಅಂತ ಟ್ಯಾಮ್ಸುಲೋಸಿನ್ ಬರುತ್ತೆ. ಟ್ಯಾಮ್ಸುಲೋಸಿನ್ ಎದ್ದು ನಿಂತಾಗ ಬಿಪಿ ಇಳಿಸುತ್ತೆ. ಮನುಷ್ಯ ಕತ್ತಲಲ್ಲಿ ಬಚ್ಚಲಿಗೆ ಎದ್ದು ಬೀಳುತ್ತಾನೆ. ನಿಮ್ಮ ಮನೆಯಲ್ಲಿ ಹೀಗೇ ಆಗಿದೆ ಅನ್ನುತ್ತಿಲ್ಲ. ಪ್ರಾಸ್ಟೇಟ್ ನಿಜವಾಗಿಯೂ ಇರಬಹುದು. ಕಾಲು ಊತಕ್ಕೆ ಹೃದಯ, ಕಿಡ್ನಿಯೂ ಕಾರಣ ಇರಬಹುದು. ಆದರೆ ಯಾವ ಮಾತ್ರೆ ಯಾವ ತಿಂಗಳು ಶುರುವಾಯ್ತು ಅಂತ ಸಾಲಾಗಿ ಬರೆದು ನೋಡಿ. ಊತ ಆಮ್ಲೋಡಿಪಿನ್ ಶುರುವಾದ ಮೇಲೆ ಬಂತಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಎರಡು ಮಾತ್ರೆ ಕಮ್ಮಿ ಆಗಬಹುದು.

ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ನಮ್ಮ ಕಡೆ ಎಲ್ಲರೂ ಕೂರಿಸಿ ಒಂದೇ ಸಲ ನೋಡುತ್ತಾರೆ, ಹಾಗಾಗಿ ಇದು ಸಿಗೋದೇ ಇಲ್ಲ.

ಚಿಂತಾಮಣಿ ಫಾರ್ಮಸಿಸ್ಟ್:
ಡಾಕ್ಟರ್ ಸಾರ್ ಹೇಳಿದ್ದು ಸರಿ. ಅಂಗಡಿ ಕಡೆಯಿಂದ ನಾನೊಂದು ಹೇಳುತ್ತೇನೆ. ಮೇಡಂ, ಪಟ್ಟಿ ಬರೆಯುವ ಮೊದಲು ಒಂದೊಂದು ಸ್ಟ್ರಿಪ್ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ದೊಡ್ಡ ಅಕ್ಷರದಲ್ಲಿ ಕಣ್ಣಿಗೆ ಬೀಳೋದು ಕಂಪನಿ ಇಟ್ಟ ಹೆಸರು. ಒಳಗಿರುವ ಔಷಧಿಯ ಹೆಸರು, ನಾವು ಸಾಲ್ಟ್ ಅಂತೀವಲ್ಲ, ಅದು ಬೇರೆ. ಒಂದೇ ಸಾಲ್ಟ್ ಬೇರೆ ಬೇರೆ ಹೆಸರಲ್ಲಿ ಬರುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಟ್ಟ ಟೆಲ್ಮಿಸಾರ್ಟನ್ ಒಂದು, ಪ್ರೈವೇಟ್ ಡಾಕ್ಟರ್ ಬರೆದ ಬ್ರ್ಯಾಂಡಿನ ಟೆಲ್ಮಿಸಾರ್ಟನ್ ಇನ್ನೊಂದು. ಎರಡನ್ನೂ ಬೇರೆ ಬೇರೆ ಮಾತ್ರೆ ಅಂದುಕೊಂಡು ನುಂಗುವವರನ್ನ ನಾನು ಈ ಕೌಂಟರ್‌ನಲ್ಲೇ ನೋಡಿದ್ದೇನೆ. ಒಂದು ಬಿಳಿ, ಒಂದು ಹಳದಿ. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು?

ನಾವು ಸ್ಟ್ರಿಪ್ ಕತ್ತರಿಸಿ ಕೊಡೋದು ಇನ್ನೊಂದು ತೊಂದರೆ. ಹತ್ತು ಮಾತ್ರೆ ಕೊಳ್ಳೋಕೆ ದುಡ್ಡಿರಲ್ಲ, ನಾಲ್ಕು ಕೊಡಪ್ಪ ಅನ್ನುತ್ತಾರೆ. ಕತ್ತರಿ ಹಾಕಿದರೆ ಹೆಸರು ಒಂದು ತುಂಡಿಗೆ ಹೋಗುತ್ತೆ, ಎಕ್ಸ್‌ಪೈರಿ ದಿನಾಂಕ ಇನ್ನೊಂದು ತುಂಡಿಗೆ. ಕೈಗೆ ಬರೋದು ಹೊಳೆಯುವ ಕಾಗದ, ಅದರ ಮೇಲೆ ಅರ್ಧ ಹೆಸರು. ಹಾಗಾಗಿ ನಾಲ್ಕೇ ಮಾತ್ರೆ ಕೊಂಡರೂ ಕವರ್ ಮೇಲೆ ಹೆಸರು, ಯಾಕೆ, ಯಾವಾಗ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅನ್ನುವ ಅಂಗಡಿಯವರು ಕಮ್ಮಿ, ಕೇಳುವವರೇ ಇಲ್ಲ. 2023ರ ಆಗಸ್ಟ್‌ನಿಂದ ಜಾಸ್ತಿ ಮಾರಾಟ ಆಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ದಾರೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಫೋನ್ ಹಿಡಿದು ಸಾಲ್ಟ್ ಹೆಸರು ನೋಡಿಕೊಳ್ಳಬಹುದು.

ಅಪ್ಪನವರ ಮಂಡಿ ನೋವಿನ ಮಾತ್ರೆ ಯಾವುದು ಹೇಳಿ.

ಕ್ಯಾತ್ಸಂದ್ರದ ಮಗಳು:
ಈಗ ನೋಡಿದೆ. ಅಸಿಕ್ಲೋಫಿನಾಕ್ ಮತ್ತು ಪ್ಯಾರಾಸಿಟಮಾಲ್ ಅಂತಿದೆ. ಬೆಳಿಗ್ಗೆ ಒಂದು ರಾತ್ರಿ ಒಂದು. ನೆಗಡಿ ಬಂದಾಗ ಇದರ ಜೊತೆ ಡೋಲೋನೂ ತಗೊಳ್ಳುತ್ತಾರೆ.

ಚಿಂತಾಮಣಿ ಫಾರ್ಮಸಿಸ್ಟ್:
ನೋಡಿ, ಡೋಲೋ ಅಂದರೂ ಪ್ಯಾರಾಸಿಟಮಾಲೇ. ನೆಗಡಿಯ ಕಾಂಬಿನೇಷನ್ ಮಾತ್ರೆ ಬಹಳಷ್ಟರಲ್ಲೂ ಅದೇ ಇರುತ್ತೆ. ಮೂರು ಕಡೆಯಿಂದ ಸೇರಿದರೆ ಲಿವರ್‌ಗೆ ಏಟು. ಜೊತೆಗೆ ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತೆ. ಪ್ರಾಸ್ಟೇಟ್ ಇರುವವರಿಗೆ ಅದರಿಂದ ಮೂತ್ರ ಕಟ್ಟಿಕೊಳ್ಳಬಹುದು. ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ಕೆಲವರಿಗೆ ತಲೆಯೇ ಮಂಕಾಗುತ್ತೆ. ಸಣ್ಣ ನೆಗಡಿ ಮಾತ್ರೆ ಅಲ್ವಾ ಅಂತ ಯಾರೂ ಡಾಕ್ಟರಿಗೆ ಹೇಳೋದೂ ಇಲ್ಲ.

ಕೋಲಾರದ ಡಾಕ್ಟರ್:
ಅಸಿಕ್ಲೋಫಿನಾಕ್ ಜೊತೆ ಟೆಲ್ಮಿಸಾರ್ಟನ್ ಮತ್ತು ನೀರಿನ ಮಾತ್ರೆ. ಈ ಮೂರೂ ಒಂದೇ ಹೊಟ್ಟೆಗೆ ಹೋಗಬಾರದು ಅಂತ ನಮಗೆ ಕಾಲೇಜಿನಲ್ಲೇ ಕಲಿಸುತ್ತಾರೆ. ಮೂರೂ ಸೇರಿದರೆ ಕಿಡ್ನಿ ಒಳಗಿನ ರಕ್ತದ ಒತ್ತಡ ಕುಸಿಯುತ್ತೆ. ಬೇಸಿಗೆಯಲ್ಲಿ ನೀರು ಕಮ್ಮಿ ಕುಡಿದರೆ, ಎರಡು ದಿನ ಭೇದಿ ಆದರೆ, ಚೆನ್ನಾಗಿದ್ದ ಕಿಡ್ನಿ ಕೈಕೊಡುತ್ತೆ. ಇದಕ್ಕೆ ಆಸ್ಪಿರಿನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಬೇರೆ. ನಿಮ್ಮ ಪಟ್ಟಿಯಲ್ಲಿ ಇದನ್ನೇ ಮೊದಲು ಕೇಳಿ. ಮುಂದಿನ ಭೇಟಿ ತನಕ ಕಾಯಬೇಡಿ, ಈ ವಾರವೇ ಹೋಗಿ.

ಕಿಡ್ನಿಗೆ ಅಂತ ಮಾಡುವ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನಾರ್ಮಲ್ ಇದೆ ಅಂತ ಸಮಾಧಾನ ಪಡಬೇಡಿ. ಒಣಕಲಾದ ದೇಹದಲ್ಲಿ ಮಾಂಸಖಂಡ ಕಮ್ಮಿ, ಹಾಗಾಗಿ ಆ ಅಂಕಿ ಸುಳ್ಳು ಹೇಳುತ್ತೆ. ವಯಸ್ಸು ಸೇರಿಸಿ ಲೆಕ್ಕ ಹಾಕಿದ ಇಜಿಎಫ್ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂಕಿ, ಎಷ್ಟು ಅಂತ ಕೇಳಿ. ಅದು 30ಕ್ಕಿಂತ ಇಳಿದರೆ ಮೆಟ್‌ಫಾರ್ಮಿನ್ ಕೂಡ ಕೊಡಬಾರದು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕೂಡ ನೋಡಿಸಿ.

ಪಾವಗಡ ಹುಡುಗ:
ನೋವಿನ ಮಾತ್ರೆ ಬೇಡ ಅಂದರೆ ಏನು ಮಾಡೋದು ಸಾರ್? ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್. ನಮ್ಮಜ್ಜಿಗೆ ಬೆನ್ನು ಬಗ್ಗಲ್ಲ, ಮಂಡಿ ನೆಟ್ಟಗಾಗಲ್ಲ. ಊರಲ್ಲಿ ಅವರ ವಯಸ್ಸಿನ ಎಲ್ಲರದ್ದೂ ಇದೇ ಕತೆ. ಒಂದು ಅಂಗಡಿಯಲ್ಲಿ ಪೇಪರ್ ಪೊಟ್ಟಣ ಕಟ್ಟಿ ಬಿಡಿ ಮಾತ್ರೆ ಕೊಡುತ್ತಾರೆ. ಅದರಲ್ಲಿ ಒಂದು ಸಣ್ಣ ಬಿಳಿ ಮಾತ್ರೆ ಇರುತ್ತೆ. ತಗೊಂಡ ದಿನ ಅಜ್ಜಿ ಎದ್ದು ಹಸು ಹಾಲು ಕರೆಯುತ್ತಾರೆ. ಬಿಟ್ಟರೆ ಹಾಸಿಗೆ. ಈಗ ಮುಖ ದುಂಡಗಾಗಿದೆ, ಕೈಮೇಲೆ ಸುಮ್ನೆ ನೀಲಿ ಕಲೆ ಬರುತ್ತೆ.

ಕೋಲಾರದ ಡಾಕ್ಟರ್:
ತಮ್ಮಾ, ಮುಖ ದುಂಡಗಾಗಿ ಚರ್ಮ ತೆಳ್ಳಗಾಗಿದ್ದರೆ ಆ ಸಣ್ಣ ಮಾತ್ರೆ ಸ್ಟೆರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ಗಾಬರಿಯಾಗಿ ಇವತ್ತೇ ನಿಲ್ಲಿಸಬೇಡ. ಬಹಳ ದಿನ ತಗೊಂಡಾಗ ದೇಹ ತಾನು ಸ್ಟೆರಾಯ್ಡ್ ಮಾಡಿಕೊಳ್ಳೋದನ್ನ ಬಿಟ್ಟಿರುತ್ತೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಪೊಟ್ಟಣ ಹಾಗೇ ತಗೊಂಡು ತಾಲ್ಲೂಕು ಆಸ್ಪತ್ರೆಗೆ ಅಜ್ಜಿಯನ್ನ ಕರೆದುಕೊಂಡು ಹೋಗು. ಡೋಸ್ ನಿಧಾನವಾಗಿ ಇಳಿಸುತ್ತಾರೆ. ಶುಗರ್, ಮೂಳೆ, ಕಣ್ಣು ನೋಡಿಸಬೇಕು.

ನೋವಿಗೆ ಪ್ಯಾರಾಸಿಟಮಾಲ್ ಲೆಕ್ಕ ಹಾಕಿ ಕೊಡಬಹುದು. ಎಲ್ಲಾ ಕಡೆಯದೂ ಸೇರಿ ಸಣ್ಣ ದೇಹದ ಹಿರಿಯರಿಗೆ ದಿನಕ್ಕೆ 3 ಗ್ರಾಂ ಒಳಗೇ ಇರಲಿ. ಡೈಕ್ಲೋಫಿನಾಕ್ ಜೆಲ್ ಮಂಡಿಗೆ ಹಚ್ಚಿದರೆ ರಕ್ತಕ್ಕೆ ಸೇರೋದು ಮಾತ್ರೆಗಿಂತ ಬಹಳ ಕಮ್ಮಿ. ಬಿಸಿನೀರಿನ ಶಾಖ, ಕೋಲು, ತೊಡೆಯ ಸ್ನಾಯುವಿಗೆ ವ್ಯಾಯಾಮ. ಮಾತ್ರೆಯಷ್ಟು ಬೇಗ ಹಿತ ಕೊಡಲ್ಲ, ಒಪ್ಪುತ್ತೇನೆ. ಕುಡಿಯೋಕೆ, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಫ್ಲೋರೈಡ್ ನೀರು ಕಾಯಿಸಿದರೆ ಹೋಗಲ್ಲ.

ಶಿಡ್ಲಘಟ್ಟದ ಸೊಸೆ:
ಇದನ್ನೆಲ್ಲ ಓದುತ್ತಾ ನಮ್ಮತ್ತೆಯದ್ದು ಹೇಳಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಅತ್ತೆಗೆ ತಲೆಸುತ್ತು ಅಂತ ಸಿನ್ನರಿಜಿನ್ ಬರೆದಿದ್ದರು. ಒಂದು ವಾರಕ್ಕೆ ಅಂತ ಕೊಟ್ಟಿದ್ದು. ಸುತ್ತು ಕಮ್ಮಿಯಾಯ್ತು. ಒಳ್ಳೆ ಮಾತ್ರೆ ಅಂತ ಅತ್ತೆ ಅದೇ ಚೀಟಿ ತೋರಿಸಿ ತರಿಸಿಕೊಳ್ಳುತ್ತಾ ಹೋದರು. ವರ್ಷ ಕಳೆಯಿತು. ಆಮೇಲೆ ಬಲಗೈ ನಡುಗೋಕೆ ಶುರುವಾಯ್ತು. ಅವರು ರೇಷ್ಮೆ ಗೂಡು ಬಿಡಿಸುವವರು, ಕೈ ಅಷ್ಟು ಚುರುಕು. ಆ ಕೈಯಲ್ಲಿ ಎಳೆ ಹಿಡಿಯೋಕೆ ಆಗುತ್ತಿರಲಿಲ್ಲ. ಕಾಲು ಎಳೆದುಕೊಂಡು ನಡೆಯೋದು, ನಕ್ಕರೂ ಮುಖದಲ್ಲಿ ನಗು ಕಾಣದೇ ಇರೋದು. ಇಲ್ಲಿ ತೋರಿಸಿದಾಗ ಪಾರ್ಕಿನ್ಸನ್ ಅಂದರು. ಅದಕ್ಕೆ ಟ್ರೈಹೆಕ್ಸಿಫೆನಿಡಿಲ್ ಬರೆದರು. ಅದು ಶುರುವಾದ ಮೇಲೆ ಮಲ ಕಟ್ಟಿತು, ರಾತ್ರಿ ಇಲ್ಲದವರ ಜೊತೆ ಮಾತಾಡೋಕೆ ಶುರು ಮಾಡಿದರು. ಮಲಬದ್ಧತೆಗೆ ಒಂದು ಸಿರಪ್ ಬಂತು, ರಾತ್ರಿಯ ಗಲಾಟೆಗೆ ಇನ್ನೊಂದು ಮಾತ್ರೆ ಬಂತು. ನಮ್ಮ ಯಜಮಾನರು ಅಮ್ಮ ಇನ್ನು ಹೆಚ್ಚು ದಿನ ಇರಲ್ಲ ಅಂತಲೇ ಅಂದುಕೊಂಡಿದ್ದರು.

ಬೆಂಗಳೂರಲ್ಲಿ ನರರೋಗದ ಡಾಕ್ಟರ್ ಒಬ್ಬರು ಸ್ಕ್ಯಾನ್ ಮೊದಲು ಕೇಳಲಿಲ್ಲ. ಮನೆಯಲ್ಲಿ ಏನೇನು ಮಾತ್ರೆ ಇದೆ ಅಷ್ಟನ್ನೂ ತನ್ನಿ ಅಂದರು. ಮೇಜಿನ ಮೇಲೆ ಸುರಿದು, ಶುರುವಾದ ಕ್ರಮದಲ್ಲಿ ಒಂದೊಂದಾಗಿ ಜೋಡಿಸಿದರು. ಮೊದಲು ಇಟ್ಟಿದ್ದೇ ಆ ತಲೆಸುತ್ತಿನ ಮಾತ್ರೆ. ಅದನ್ನ ನಿಲ್ಲಿಸಿ, ಉಳಿದದ್ದನ್ನ ಹಂತ ಹಂತವಾಗಿ ತೆಗೆದರು. ತಿಂಗಳುಗಳೇ ಹಿಡಿಯಿತು. ಆದರೆ ನಡುಕ ಹೋಯ್ತು. ಈಗ ಅತ್ತೆ ತಾವೇ ಸೊಪ್ಪು ಬಿಡಿಸುತ್ತಾರೆ, ನನಗೆ ಬೈಯುತ್ತಾರೆ ಕೂಡ. ಎಲ್ಲರ ಪಾರ್ಕಿನ್ಸನ್ನೂ ಹೀಗೆ ಮಾತ್ರೆಯಿಂದ ಬಂದಿರಲ್ಲ, ಅದು ನನಗೂ ಗೊತ್ತು. ಆದರೆ ಒಂದು ವಾರದ ಮಾತ್ರೆ ವರ್ಷ ನಡೆಯಿತಲ್ಲ, ಅದನ್ನ ಒಬ್ಬರಾದರೂ ಕೇಳಬೇಕಿತ್ತು.

ಕೋಲಾರದ ಡಾಕ್ಟರ್:
ತಾಯಿ, ಇದನ್ನ ಬರೆದದ್ದು ಬಹಳ ಒಳ್ಳೆಯದಾಯ್ತು. ಸಿನ್ನರಿಜಿನ್, ಫ್ಲುನರಿಜಿನ್, ಪ್ರೋಕ್ಲೋರ್‌ಪೆರಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್. ಈ ಎಲ್ಲವೂ ವಯಸ್ಸಾದವರಲ್ಲಿ ಪಾರ್ಕಿನ್ಸನ್ ಥರವೇ ಕಾಣುವ ಲಕ್ಷಣ ತರಬಲ್ಲವು. ನಮ್ಮಲ್ಲಿ ಇದು ಅಪರೂಪ ಅಲ್ಲ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸುವ ಅಭ್ಯಾಸವೇ ಇದರ ಬೇರು ಅಂತ ನನ್ನ ಅಭಿಪ್ರಾಯ. ಮಾತ್ರೆ ಶುರು ಮಾಡುವಾಗಲೇ ಎಷ್ಟು ದಿನ ಅಂತ ಕೇಳಿ, ಚೀಟಿ ಮೇಲೆ ಬರೆಸಿಕೊಳ್ಳಿ.

ಹಿರಿಯರಿಗೆ ಯಾವ ಮಾತ್ರೆ ಎಚ್ಚರಿಕೆಯಿಂದ ಕೊಡಬೇಕು ಅಂತ ಡಾಕ್ಟರುಗಳಿಗೇ ಪಟ್ಟಿಗಳಿವೆ. ಅಮೆರಿಕದ ಮಾರ್ಕ್ ಬಿಯರ್ಸ್ ಅನ್ನುವ ವೈದ್ಯರು 1991ರಲ್ಲಿ ಒಂದು ಮಾಡಿದರು. ಅದನ್ನ ಅಲ್ಲಿನ ವೈದ್ಯರ ಸಂಘ ಈಗಲೂ ತಿದ್ದುತ್ತಾ ಇದೆ, 2023ರಲ್ಲಿ ಹೊಸದು ಬಂತು. ಐರ್ಲೆಂಡಿನವರು 2008ರಲ್ಲಿ ಇನ್ನೊಂದು ಮಾಡಿದರು. ಅದರ ಒಂದು ಭಾಗ ಯಾವುದನ್ನ ನಿಲ್ಲಿಸಬೇಕು ಅಂತ, ಇನ್ನೊಂದು ಭಾಗ ಬಿಟ್ಟುಹೋದ ಯಾವುದನ್ನ ಶುರು ಮಾಡಬೇಕು ಅಂತ. ನನಗೆ ಆ ಎರಡನೇ ಭಾಗ ಇಷ್ಟ. ಮಾತ್ರೆ ಕಮ್ಮಿ ಮಾಡೋದೇ ಗುರಿ ಅಲ್ಲ. ಬೇಕಾದ್ದು ಇರಬೇಕು, ಬೇಡದ್ದು ಹೋಗಬೇಕು.

ತಿಪಟೂರಿನಿಂದ:
ಒಪ್ಪಿದೆ ಸಾರ್. ಹಾಗಾದರೆ ಯಾವ ಮಾತ್ರೆ ಒಮ್ಮೆಲೇ ಬಿಡಲೇಬಾರದು ಅಂತಲೂ ಹೇಳಿಬಿಡಿ. ಜನ ಇದನ್ನ ಅರ್ಧ ಓದಿ ಮನೆಯಲ್ಲಿ ಪ್ರಯೋಗ ಮಾಡುತ್ತಾರೆ.

ಕೋಲಾರದ ಡಾಕ್ಟರ್:
ಸರಿಯಾದ ಮಾತು. ಸ್ಟೆರಾಯ್ಡ್ ಬಗ್ಗೆ ಮೇಲೆ ಹೇಳಿದೆ. ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್, ಬಿಪಿಯ ಕ್ಲೊನಿಡಿನ್, ಪಾರ್ಕಿನ್ಸನ್ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ. ಇವ್ಯಾವುದನ್ನೂ ಒಮ್ಮೆಲೇ ಬಿಡಬೇಡಿ. ಸ್ಟೆಂಟ್ ಹಾಕಿದವರು, ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರು ಆಸ್ಪಿರಿನ್ ಬಿಡಬಾರದು. ಏನೂ ಆಗದವರ ವಿಷಯ ಬೇರೆ. 2018ರಲ್ಲಿ ಬಂದ ಆಸ್ಪ್ರೀ ಅನ್ನುವ ಅಧ್ಯಯನದಲ್ಲಿ 19,114 ಆರೋಗ್ಯವಂತ ಹಿರಿಯರನ್ನ ನೋಡಿದರು. ಮುನ್ನೆಚ್ಚರಿಕೆಗೆ ಅಂತ ಆಸ್ಪಿರಿನ್ ಕೊಟ್ಟರೆ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯ್ತು. ಕ್ಯಾತ್ಸಂದ್ರದವರ ತಂದೆಗೆ ಶುಗರ್ ಇರುವುದರಿಂದ ಅವರ ಡಾಕ್ಟರೇ ತೂಗಿ ನೋಡಲಿ. ಆದರೆ ಕೇಳಬೇಕಾದ ಪ್ರಶ್ನೆ ಅದು.

ಗ್ಯಾಸ್ ಮಾತ್ರೆನೂ ಅಷ್ಟೇ. ಪ್ಯಾಂಟೊಪ್ರಜೋಲ್ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ಮಾತ್ರೆ. ನಮ್ಮಲ್ಲಿ ಕಾಫಿ ಥರ ದಿನಾ ನಡೆಯುತ್ತೆ. ವರ್ಷಗಟ್ಟಲೆ ಹೋದರೆ ಬಿ12, ಮೆಗ್ನೀಸಿಯಂ ಇಳಿಯುತ್ತೆ, ಮೂಳೆ ಮುರಿಯುವ ಭಯವೂ ಇದೆ. ಆದರೆ ನೋವಿನ ಮಾತ್ರೆ ಅಥವಾ ಆಸ್ಪಿರಿನ್ ತಗೊಳ್ಳುವ ತನಕ ಹೊಟ್ಟೆಗೆ ಅದೇ ಕಾವಲು. ಹಾಗಾಗಿ ಮೊದಲು ನೋವಿನ ಮಾತ್ರೆ ಹೋಗಬೇಕು, ಆಮೇಲೆ ಗ್ಯಾಸ್ ಮಾತ್ರೆ. ನಿಲ್ಲಿಸಿದ ಮೊದಲ ಕೆಲವು ವಾರ ಎದೆ ಉರಿ ಜಾಸ್ತಿ ಆಗಬಹುದು. ಅದನ್ನ ನೋಡಿ, ಬಿಟ್ಟರೆ ಆಗಲ್ಲ ಅಂತ ಮತ್ತೆ ಶುರು ಮಾಡುವವರೇ ಹೆಚ್ಚು.

ಬಾಗೇಪಲ್ಲಿ ಮೇಷ್ಟ್ರು:
ನನಗೇ 74. ಇಲ್ಲಿ ಮಕ್ಕಳು ಮಾತಾಡುತ್ತಿದ್ದೀರಿ, ಮಾತ್ರೆ ನುಂಗುವವನಾಗಿ ನಾನೂ ಎರಡು ಮಾತು ಹೇಳುತ್ತೇನೆ. ಮನೆಯಾಕೆ ಹೋದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಅಲ್ಪ್ರಜೋಲಮ್ ಕೊಟ್ಟರು. ಆಗ ಅದು ಬೇಕಿತ್ತು. ಆದರೆ ದುಃಖ ತಗ್ಗಿದ ಮೇಲೂ ಮಾತ್ರೆ ನಿಲ್ಲಲಿಲ್ಲ. ಬೆಳಿಗ್ಗೆ ತೂಕಡಿಕೆ, ಗೊತ್ತಿದ್ದ ಪದ್ಯದ ಸಾಲೇ ಮರೆತುಹೋಗೋದು. ನಮ್ಮ ಡಾಕ್ಟರಮ್ಮ ಇದರಿಂದ ಬೀಳುತ್ತೀರಿ ಮೇಷ್ಟ್ರೇ, ನಿಧಾನವಾಗಿ ಇಳಿಸೋಣ ಅಂದರು. ಕಾಲು ಭಾಗ ಕಮ್ಮಿ, ಎರಡು ವಾರ ಅದೇ. ಮತ್ತೆ ಸ್ವಲ್ಪ ಕಮ್ಮಿ. ತಡೆಯಲಾಗದಿದ್ದರೆ ಅಲ್ಲೇ ನಿಂತು ಆಮೇಲೆ ಮುಂದೆ. ನಡುವೆ ಕೆಲವು ರಾತ್ರಿ ಕಣ್ಣು ಮುಚ್ಚಲಿಲ್ಲ, ಮೈಯೆಲ್ಲ ಕಿರಿಕಿರಿ. ಮಧ್ಯಾಹ್ನದ ನಿದ್ದೆ ಬಿಟ್ಟೆ, ಸಂಜೆ ಕಾಫಿ ಬಿಟ್ಟೆ, ಕತ್ತಲಾಗುವ ಮುಂಚೆ ಕೆರೆ ಏರಿ ಮೇಲೆ ನಡೆದೆ. ಈಗ ಮಾತ್ರೆ ಇಲ್ಲ. ಐದು ಗಂಟೆ ನಿದ್ದೆ ಬರುತ್ತೆ. ನನ್ನ ವಯಸ್ಸಿಗೆ ಅಷ್ಟು ಸಾಕು.

ಚಿಂತಾಮಣಿ ಫಾರ್ಮಸಿಸ್ಟ್:
ಮೇಷ್ಟ್ರೇ, ನಮಸ್ಕಾರ. ಅಲ್ಪ್ರಜೋಲಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡಬಾರದು, ಯಾರಿಗೆ ಕೊಟ್ಟೆವು ಅಂತ ರಿಜಿಸ್ಟರ್‌ನಲ್ಲಿ ಬರೆಯಬೇಕು. ಚೀಟಿ ಕೇಳಿದರೆ ಜನ ನಮ್ಮ ಮೇಲೆ ಸಿಟ್ಟಾಗುತ್ತಾರೆ, ದಿನಾ ಬರುವ ಗಿರಾಕಿಗೆ ಹೀಗೆ ಮಾಡುತ್ತೀಯಾ ಅಂತ. ಅವರ ಒಳ್ಳೇದಕ್ಕೇ ಕೇಳೋದು.

ಕೋಲಾರದ ಡಾಕ್ಟರ್:
ಮೇಷ್ಟ್ರ ಡಾಕ್ಟರ್ ಮಾಡಿದ್ದು ಒಪ್ಪಿತವಾದ ಕ್ರಮ. ಇದರ ಬಗ್ಗೆ ಕೆನಡಾದ ಕ್ವಿಬೆಕ್‌ನಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯ್ತು. ನಿದ್ದೆ ಮಾತ್ರೆಯ ಅಪಾಯ ಏನು, ಹೇಗೆ ಇಳಿಸೋದು ಅಂತ ಬರೆದ ಒಂದು ಪುಸ್ತಿಕೆಯನ್ನ ಹಿರಿಯರ ಕೈಗೇ ಕೊಟ್ಟರು. ಆರು ತಿಂಗಳಲ್ಲಿ ನೂರಕ್ಕೆ 27 ಜನ ಮಾತ್ರೆ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ನೂರಕ್ಕೆ 5. ಹಿರಿಯರಿಗೆ ಹೇಳಿದರೆ ಅರ್ಥ ಆಗಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಹೇಳಿ ನೋಡಬೇಕು. ಕನ್ನಡದಲ್ಲಿ ಅಂಥದ್ದೊಂದು ಪ್ರತಿ ಆಸ್ಪತ್ರೆ ಬಾಗಿಲಲ್ಲೂ ಸಿಗಬೇಕು ಅಂತ ನನ್ನ ಆಸೆ.

ಮಾಲೂರಿನ ಸಿಎಚ್‌ಒ:
ಕಮ್ಯುನಿಟಿ ಹೆಲ್ತ್ ಆಫೀಸರ್ ಆಗಿ ಹಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕೋಲಾರ ಜಿಲ್ಲೆಯಲ್ಲಿ 2024ರಲ್ಲಿ ಗೃಹ ಆರೋಗ್ಯ ಅನ್ನುವ ಸರ್ಕಾರಿ ಯೋಜನೆ ಶುರುವಾದ ಮೇಲೆ ಮನೆ ಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುತ್ತೇವೆ. ಹೋದಾಗ ನಾನು ಮಾತ್ರೆ ಎಲ್ಲಿಟ್ಟಿದ್ದೀರಿ ತೋರಿಸಿ ಅಂತೀನಿ. ದೇವರ ಗೂಡಿನಲ್ಲಿ ಒಂದಿಷ್ಟು, ಟಿವಿ ಮೇಲೆ ಒಂದಿಷ್ಟು, ತಲೆದಿಂಬಿನ ಕೆಳಗೆ ಒಂದಿಷ್ಟು. ಅರ್ಧ ಅವಧಿ ಮುಗಿದದ್ದು. ಸತ್ತುಹೋದ ಗಂಡನ ಮಾತ್ರೆಯನ್ನ ದುಡ್ಡು ಕೊಟ್ಟಿದ್ದಲ್ವಾ ಅಂತ ನುಂಗುತ್ತಿದ್ದ ಅಜ್ಜಿಯನ್ನೂ ನೋಡಿದ್ದೇನೆ.

ಇನ್ನೊಂದು, ಹಿರಿಯರು ಮಾತ್ರೆಯನ್ನ ಬಣ್ಣದಿಂದ ಗುರುತು ಹಿಡಿಯುತ್ತಾರೆ. ಸರ್ಕಾರಿ ಸಪ್ಲೈನಲ್ಲಿ ಕಂಪನಿ ಬದಲಾದರೆ ಬಣ್ಣ ಬದಲಾಗುತ್ತೆ. ಆಗ ಹೊಸದು ಬೇರೆ ಮಾತ್ರೆ ಅಂದುಕೊಂಡು ಹಳೇದನ್ನೂ ಹೊಸದನ್ನೂ ಸೇರಿಸಿ ತಗೊಳ್ಳುತ್ತಾರೆ. ಇಲ್ಲ, ಎರಡನ್ನೂ ಬಿಡುತ್ತಾರೆ. ಹೊಸ ಸ್ಟ್ರಿಪ್ ಕೊಟ್ಟಾಗ ಹಳೇದರ ಪಕ್ಕ ಇಟ್ಟು ತೋರಿಸಿ, ಇದರ ಬದಲು ಇದು ಅಂತ ಅವರ ಬಾಯಲ್ಲೇ ಹೇಳಿಸಬೇಕು. ಬೆಂಗಳೂರಿಗೆ ಹೋಗೋಕೆ ಆಗದವರಿಗೆ ನಮ್ಮ ಕೇಂದ್ರದಿಂದ ಸರ್ಕಾರದ ಇ-ಸಂಜೀವನಿಯಲ್ಲಿ ವಿಡಿಯೋ ಮೂಲಕ ಡಾಕ್ಟರ್ ಹತ್ತಿರ ಮಾತಾಡಿಸಬಹುದು. ದುಡ್ಡಿಲ್ಲ. ಎಲ್ಲಾ ಸ್ಟ್ರಿಪ್ ತಗೊಂಡು ಬನ್ನಿ ಸಾಕು.

ಕ್ಯಾತ್ಸಂದ್ರದ ಮಗಳು:
ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ? ಶುಗರ್ ಡಾಕ್ಟರ್ ಹತ್ತಿರ ಎಲ್ಲಾ ಸ್ಟ್ರಿಪ್ ಮತ್ತು ಬರೆದ ಪಟ್ಟಿ ತಗೊಂಡು ಹೋದೆ. ಬೇಜಾರು ಮಾಡಿಕೊಳ್ಳಲಿಲ್ಲ. ಇದನ್ನ ಮೊದಲೇ ತರಬೇಕಿತ್ತಮ್ಮಾ ಅಂದರು. ಇನ್ನು ಮುಂದೆ ಯಾರು ಏನು ಬರೆದರೂ ತಮಗೆ ತೋರಿಸಿ ಶುರು ಮಾಡಿ ಅಂದರು. ನಿಂತಾಗ ಅಪ್ಪನ ಬಿಪಿ ನಿಜಕ್ಕೂ ಇಳಿಯುತ್ತಿತ್ತು. ಅಸಿಕ್ಲೋಫಿನಾಕ್ ಅವತ್ತೇ ನಿಲ್ಲಿಸಿದರು. ಗ್ಲಿಮೆಪಿರೈಡ್ ತೆಗೆದು ಮೆಟ್‌ಫಾರ್ಮಿನ್ ಮಾತ್ರ ಇಟ್ಟರು. ಆಮ್ಲೋಡಿಪಿನ್ ಅರ್ಧ ಮಾಡಿದ್ದಾರೆ. ಊತ ಇಳಿದರೆ ನೀರಿನ ಮಾತ್ರೆ ನೋಡೋಣ ಅಂದರು. ಎಲ್ಲವನ್ನೂ ಒಟ್ಟಿಗೆ ತೆಗೆಯಲ್ಲ, ಒಂದೊಂದೇ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ ಅಂದರು.

ಈಗ ಹೊಸ ಕಷ್ಟ. ಅಪ್ಪ ಮಾತಾಡುತ್ತಿಲ್ಲ. ಮಾತ್ರೆ ಕಮ್ಮಿ ಮಾಡಿಸಿದ್ದು ಖರ್ಚು ಉಳಿಸೋಕೆ ಅಂದುಕೊಂಡಿದ್ದಾರೆ. ಇನ್ನು ನನ್ನಿಂದ ಏನು ಪ್ರಯೋಜನ ಅಂತ ಕೈಬಿಟ್ಟಿರಾ ಅಂದರು.

ಬಾಗೇಪಲ್ಲಿ ಮೇಷ್ಟ್ರು:
ಮಗಳೇ, ಅವರ ಸಂಕಟ ನನಗೆ ಅರ್ಥ ಆಗುತ್ತೆ. ನಮ್ಮ ಕಾಲದವರಿಗೆ ಡಾಕ್ಟರ್ ಜಾಸ್ತಿ ಮಾತ್ರೆ ಬರೆದರೆ ಚೆನ್ನಾಗಿ ನೋಡಿದರು ಅಂತ ಲೆಕ್ಕ. ಕಮ್ಮಿ ಬರೆದರೆ ಆಸೆ ಬಿಟ್ಟರು ಅಂತ ಅರ್ಥ. ಮನೆಯಲ್ಲಿ ನೀನು ವಾದ ಮಾಡಬೇಡ. ಮುಂದಿನ ಸಲ ಅವರನ್ನೇ ಡಾಕ್ಟರ್ ಎದುರು ಕೂರಿಸಿ, ಅವರ ಬಾಯಿಂದಲೇ ಕೇಳಿಸು. ಬಿದ್ದು ಸೊಂಟ ಮುರಿಯಬಾರದು ಅಂತ ತೆಗೆದದ್ದು ಅಂತ ಡಾಕ್ಟರ್ ಹೇಳಲಿ. ಗ್ಲೂಕೋಮೀಟರ್ ಅಂಕಿಯನ್ನ ಒಂದು ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸು. ಲೆಕ್ಕ ತನ್ನ ಕೈಯಲ್ಲಿದೆ ಅಂದರೆ ಮನುಷ್ಯನಿಗೆ ಧೈರ್ಯ ಬರುತ್ತೆ. ಮಾತ್ರೆ ಕಮ್ಮಿಯಾದ ಹೊತ್ತಿನಲ್ಲಿ ಅವರ ಪಕ್ಕ ಸ್ವಲ್ಪ ಕೂತುಕೋ ತಾಯಿ. ಮೂರು ಹೊತ್ತು ಮಾತ್ರೆ ತಂದು ಕೊಡುವ ನೆಪದಲ್ಲಾದರೂ ನೀನು ಹತ್ತಿರ ಬರುತ್ತಿದ್ದೆ ಅಲ್ವಾ?

ಶಿಡ್ಲಘಟ್ಟದ ಸೊಸೆ:
ಮೇಷ್ಟ್ರು ಹೇಳಿದ್ದು ಓದಿ ಕಣ್ಣು ತುಂಬಿತು.

ಡಾಕ್ಟರ್ ಸಾರ್, ಒಂದು ಪ್ರಶ್ನೆ ಉಳಿದಿದೆ. ಅತ್ತೆ ಏಕಾದಶಿ, ಶಿವರಾತ್ರಿ ಉಪವಾಸ ಬಿಡಲ್ಲ. ಶುಗರ್ ಮತ್ತು ಬಿಪಿ ಮಾತ್ರೆ ಅವತ್ತು ಹೇಗೆ ಕೊಡೋದು? ಭೇದಿ ವಾಂತಿ ಆದ ದಿನ ಏನು ಮಾಡೋದು?

ಕೋಲಾರದ ಡಾಕ್ಟರ್:
ಉಪವಾಸದ ವಿಷಯ ಮುಂಚೆಯೇ ಡಾಕ್ಟರಿಗೆ ಹೇಳಿ, ಆ ದಿನದ ಡೋಸ್ ಬರೆಸಿಕೊಳ್ಳಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇರುವವರು ಮಾಮೂಲಿ ಡೋಸ್ ತಗೊಂಡು ಏನೂ ತಿನ್ನದೇ ಇರಬಾರದು. ಪೂರ್ತಿ ಉಪವಾಸದ ಬದಲು ಹಣ್ಣು, ಹಾಲು, ಅವಲಕ್ಕಿಗೆ ಒಪ್ಪಿಸಿ. ನೀರಂತೂ ಬಿಡಲೇಬಾರದು. ಶುಗರ್ 70ಕ್ಕೆ ಬಂದರೆ ಉಪವಾಸ ಅಲ್ಲಿಗೆ ಮುಗಿಯಿತು ಅಂತ ಮೊದಲೇ ಮಾತು ತಗೊಳ್ಳಿ.

ಭೇದಿ ವಾಂತಿ ಜಾಸ್ತಿ ಆದ ದಿನ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ನೀರಿನ ಮಾತ್ರೆ ಇವುಗಳನ್ನ ಸ್ವಲ್ಪ ದಿನ ತಡೆಹಿಡಿಯಬೇಕಾಗಬಹುದು. ಅವತ್ತೇ ಫೋನ್ ಮಾಡಿ ಕೇಳಿ. ಹೃದಯ ಸೋತವರಿಗೆ ಲೆಕ್ಕ ಬೇರೆ, ಅದಕ್ಕೇ ಇಲ್ಲಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿಲ್ಲ. ಇನ್ಸುಲಿನ್ ಮಾತ್ರ ಕೇಳದೆ ಪೂರ್ತಿ ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಇಟ್ಟಿರಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ತಡೆಹಿಡಿದ ಮಾತ್ರೆಗಳನ್ನ ಯಾವಾಗ ಮತ್ತೆ ಶುರು ಮಾಡಬೇಕು ಅಂತಲೂ ಅದೇ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.